ಖಾಲಿ ರಟ್ಟು ನೋಡಿ ಓದಿದ ಕೊನೆ

ಎಲ್ಲ ಬಲ್ಲವನಂತೆ ತೋರಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಹುನಗುಂದದ ಒಂದು ಕಾಲೇಜಿನಲ್ಲಿ ನಾನು ಗುಮಾಸ್ತ. ಬಸ್ಸಿನಲ್ಲಿ ಸಿಗುವ ಕೆಲವರು ನನ್ನನ್ನು ಪ್ರೊಫೆಸರ್ ಎಂದೇ ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಬಾಗಲಕೋಟೆಯಲ್ಲಿ ನಮ್ಮದೊಂದು ಓದುಗರ ಗುಂಪಿದೆ. ಹಳೆಯ ವೈಜ್ಞಾನಿಕ ಕಥೆಗಳ ಸಂಕಲನವೊಂದು ಮರುಮುದ್ರಣವಾಗಿದೆ, ಬರುವ ಭಾನುವಾರ ಎಲ್ಲರೂ ಅದರಲ್ಲಿ ತಮಗೆ ಮೆಚ್ಚಿದ ಕಥೆಯ ಬಗ್ಗೆ ಮಾತಾಡಬೇಕು ಎಂದು ಗುಂಪಿನಲ್ಲಿ ಸೂಚನೆ ಬಂತು. ಮೊಬೈಲಿನಲ್ಲಿ ಎಲ್ಲರಿಗಿಂತ ಮೊದಲು ಉದ್ದುದ್ದ ಬರೆದವನು ನಾನೇ. ಆ ಪುಸ್ತಕ ನನಗೆ ಬಾಯಿಪಾಠ ಎಂದೆ. ಕೊನೆಯ ಕಥೆ ಓದದವರ ಜನ್ಮ ವ್ಯರ್ಥ ಎಂದೂ ಸೇರಿಸಿದೆ. ಅದನ್ನು ಹೆಂಡತಿ ನೋಡಿದಳು. ಅದು ತನ್ನ ಮೆಚ್ಚಿನ ಕಥೆ, ತಾನೂ ಬಂದು ಹೇಳುತ್ತೇನೆ ಎಂದಳು. ನಾಲ್ಕು ಜನರ ಮುಂದೆ ಎಂದೂ ಎದ್ದು ನಿಂತು ಮಾತಾಡದವಳು. ಬೇಡ ಎನ್ನಲು ನಾನು ನೆಪ ಹುಡುಕತೊಡಗಿದೆ.

ಯಾಕೆಂದರೆ ಅವಳಿಗೆ ಗೊತ್ತಿದ್ದ ಆ ಕಥೆಯ ಕೊನೆ ಪುಸ್ತಕದಲ್ಲಿ ಇರಲೇ ಇಲ್ಲ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಮದುವೆಯಾಗಿ ಮೂರು ತಿಂಗಳಾಗಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅವಳು ಮಗ್ಗದ ಪಕ್ಕ ಕೂತು ಕೊಂಡಿ ಹಾಕುತ್ತಿದ್ದಳು. ನಮ್ಮ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುವುದೇ ಕೊಂಡಿ. ಕೈಗೆ ಬಿಡುವಿಲ್ಲದ ಅವಳಿಗೆ ನಾನು ಗ್ರಂಥಾಲಯದಿಂದ ತಂದ ಆ ಸಂಕಲನವನ್ನು ದಿನಕ್ಕೊಂದು ಕಥೆಯಂತೆ ಓದಿ ಹೇಳುತ್ತಿದ್ದೆ.

ಕೊನೆಯ ಕಥೆಯಲ್ಲಿ, ದೂರದ ಗ್ರಹವೊಂದರಲ್ಲಿ ದೀಪಸ್ತಂಭ ಕಾಯುವ ಒಬ್ಬಂಟಿ ಮನುಷ್ಯನಿದ್ದಾನೆ. ಅವನ ಮಾತು ಭೂಮಿಯಲ್ಲಿರುವ ಹೆಂಡತಿಯನ್ನು ತಲುಪಲು ಒಂಬತ್ತು ವರ್ಷ ಬೇಕು, ಅವಳ ಉತ್ತರ ಬರಲು ಇನ್ನೊಂದು ಒಂಬತ್ತು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿ ಅವನು ಕಾಯುತ್ತಾನೆ. ಹದಿನೆಂಟನೆಯ ವರ್ಷ ಯಂತ್ರ ಗೊರಗುಟ್ಟುತ್ತದೆ. ನಾನು ಪುಟ ತಿರುವಿದೆ. ಮುಂದೆ ಪುಟಗಳೇ ಇಲ್ಲ. ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು.

ಹರಿದಿದೆ ಎಂದು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಸ ಹೆಂಡತಿಯ ಮುಂದೆ ಗೊತ್ತಿಲ್ಲ ಎನ್ನುವ ಗಂಡಸು ನಾನಲ್ಲ. ಖಾಲಿ ರಟ್ಟನ್ನೇ ನೋಡುತ್ತಾ, ನಡುನಡುವೆ ಕನ್ನಡಕ ಏರಿಸಿಕೊಳ್ಳುತ್ತಾ ಓದಿದೆ. ಯಂತ್ರದಲ್ಲಿ ಹೆಂಡತಿಯ ದನಿ ಬಂತು, ಸಿಟ್ಟಿನ ಸುದ್ದಿಯನ್ನೇ ಎತ್ತದೆ "ಊಟ ಆತೇನ್ರಿ?" ಎಂದು ಕೇಳಿತು ಎಂದೆ.

ಪರದೇಶದ ಕಥೆ, ಅದನ್ನು ಕನ್ನಡಕ್ಕೆ ತಂದವರು ಮೈಸೂರಿನ ಕಡೆಯವರು. ಅದರಲ್ಲಿ ಇಳಕಲ್ಲಿನ ಮಾತು ಹೇಗೆ ಬಂತೆಂದು ಅವಳು ಕೇಳಲಿಲ್ಲ. ಹಿಡಿದ ಎಳೆ ಬಿಟ್ಟು ಕಣ್ಣೊರೆಸಿಕೊಂಡಳು. ನಾನು ಪೂರಿಯಂತೆ ಉಬ್ಬಿದೆ. ಮುಂದೆ ತಂಗಿಯರಿಗೆ, ಮಕ್ಕಳಿಗೆ, ಓಣಿಯ ಹೆಂಗಸರಿಗೆ ಅವಳು ಹೇಳುತ್ತ ಬಂದದ್ದು ಆ ಕೊನೆಯನ್ನೇ. ಪ್ರತಿ ಸಲವೂ ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ.

ಈಗ ಮರುಮುದ್ರಣದಲ್ಲಿ ನಿಜವಾದ ಕೊನೆ ಇತ್ತು, ಗುಂಪಿನವರೆಲ್ಲ ಅದನ್ನು ಓದಿದ್ದರು. ನಾನು ನಿಜ ಹೇಳದಿದ್ದರೆ ಭಾನುವಾರ ಅಷ್ಟು ಜನರ ಮುಂದೆ ನಗೆಪಾಟಲಾಗುವವಳು ಅವಳು. ನಾನೂ ಪುಸ್ತಕ ತರಿಸಿದ್ದೆ, ಆದರೆ ಓದಿರಲಿಲ್ಲ. ಬರೆದವನ ಕೊನೆ ನನ್ನದಕ್ಕಿಂತ ಚೆನ್ನಾಗಿದ್ದರೆ ಎಂಬ ಹೊಟ್ಟೆಕಿಚ್ಚು. ಪೇಪರಿನಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟಿದ್ದೆ.

ಭಾನುವಾರ ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತಿದೆವು. ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡೆ. ಹುನಗುಂದದಲ್ಲಿ ಪರಿಚಯದವರೊಬ್ಬರು ಹತ್ತಿ, ಎರಡೂ ಕೈ ಜೋಡಿಸಿ ನಮಸ್ಕಾರ ಸರ್ ಎಂದರು. ಆ ಮರ್ಯಾದೆಯ ಬಿಸಿ ಆರುವ ಮೊದಲು ತಪ್ಪೊಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅಮೀನಗಡದಲ್ಲಿ ಇಳಿದು ಕರದಂಟು ತಂದೆ, ಬಾಯಿ ಸಿಹಿಯಾಗಿದ್ದರೆ ಸಿಟ್ಟು ಕಡಿಮೆ ಬಂದೀತು ಎಂದು. ಅದರ ಅಂಟು ನನ್ನ ಹಲ್ಲನ್ನೇ ಹಿಡಿದುಕೊಂಡು, ಕಮತಗಿ ದಾಟುವವರೆಗೂ ಬಾಯಿ ಬಿಡಲಾಗಲಿಲ್ಲ.

ಶಿರೂರ ಬಂತು. ಅವಳು ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಾ ಕಥೆಯನ್ನು ಅಭ್ಯಾಸ ಮಾಡುತ್ತಿದ್ದಳು. ಬೆರಳು ಮಡಚಿ ಮಡಚಿ ನೆನಪಿಟ್ಟುಕೊಳ್ಳುತ್ತಿದ್ದಳು. ಅದನ್ನು ನೋಡಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಎಲ್ಲವನ್ನೂ ಹೇಳಿದೆ.

ಅವಳು ಕೈ ಚಾಚಿದಳು. ಪುಸ್ತಕ ಕೊಟ್ಟೆ. ಕೊನೆಯ ಪುಟಗಳನ್ನು ಎರಡು ಸಲ ಓದಿ ಮುಚ್ಚಿದಳು.

"ಒಡಲು ಅವರದು, ಸೆರಗು ನಿಮ್ಮದು," ಎಂದಳು. "ಇಷ್ಟು ವರ್ಷ ಕೊಂಡಿ ಹಾಕಿದಾಕಿ ನಾ. ನನಗ ಕಾಣಲಿಲ್ಲ ನೋಡ್ರಿ."

"ನನ್ನ ಮ್ಯಾಲ ಸಿಟ್ಟೈತೇನು?" ಎಂದು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಬಾಗಲಕೋಟೆ ಬಂದರೂ ಉತ್ತರ ಬರಲಿಲ್ಲ.

ಗುಂಪಿನಲ್ಲಿ ಕೆರೂರಿನ ಮೊಬೈಲ್ ರಿಪೇರಿಯವರು, ಹೊಸ ಭಾಷೆ ಕಲಿಯಲು ಒಲ್ಲೆನೆಂದು ಹಟ ಹಿಡಿದ ಮುದಿ ಯಂತ್ರದ ಕಥೆ ತಮಗಿಷ್ಟ ಎಂದರು. ಬಾದಾಮಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ ಮೆಚ್ಚಿದ್ದು ನೆರಳೇ ಇಲ್ಲದ ಗ್ರಹದ ಕಥೆ. ಏಪ್ರಿಲ್ಲಿನಲ್ಲಿ ತಮ್ಮ ಊರಿಗೆ ಬಂದರೆ ಅದು ಕಲ್ಪನೆ ಅನ್ನಿಸುವುದಿಲ್ಲ ಎಂದರು. ಆಮೇಲೆ ನನ್ನ ಹೆಂಡತಿ ಎದ್ದಳು. ಮೊದಲು ದನಿ ನಡುಗಿತು, ಆಮೇಲೆ ಗಟ್ಟಿಯಾಯಿತು. ಯಂತ್ರ ಗೊರಗುಟ್ಟುವಲ್ಲಿಗೆ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅದು ಯಾವುದೋ ನಕ್ಷತ್ರದ ಸದ್ದು, ಉತ್ತರ ಬರಲೇ ಇಲ್ಲ, ಅವನು ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿ ಕಾಯುತ್ತಾ ಕೂತ ಎಂದು ಮುಗಿಸಿದಳು. ಪುಸ್ತಕದ ಕೊನೆ ಅದು. ನನ್ನದಕ್ಕಿಂತ ಎಷ್ಟೋ ಮೇಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಡೆ ನೋಡಲಿಲ್ಲ.

ಅವಳ ಮಾನವೂ ಉಳಿದಿತ್ತು, ನನ್ನದೂ. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನನ್ನ ಸರದಿ ಬಂದಾಗ, ಕಾಲ ಮತ್ತು ಅಸ್ತಿತ್ವ ಎಂದೆಲ್ಲ ಬರೆದುಕೊಂಡಿದ್ದ ಚೀಟಿ ಕೈಯಲ್ಲೇ ಉಳಿದು, ಖಾಲಿ ರಟ್ಟಿನ ಸಂಗತಿಯೇ ಬಾಯಿಂದ ಬಂತು. ಹಾಗಾದರೆ ನಿಮ್ಮ ಕಥೆಯ ಹೆಂಡತಿ ಏನನ್ನುತ್ತಾಳೆ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು, ಉಳಿದವರೂ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಊಟಕ್ಕೆ ಕರೆದಾಗ ಹಸಿವಿಲ್ಲವೆಂದು ಸುಳ್ಳು ಹೇಳಿ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಅವಳು ಒಳಗಿನಿಂದ ನೋಡಿದ್ದು ನನಗೂ ಕಾಣಿಸಿತು.

ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಚೀಲವನ್ನು ನಡುವೆ ಇಟ್ಟುಕೊಂಡು ಕೂತೆವು. ಶಿರೂರಿನಲ್ಲಿ ಪ್ರಶ್ನೆ ಕೇಳಿ ಏಳು ತಾಸಾಗಿತ್ತು. ದೀಪಸ್ತಂಭದವನ ಪಾಡು ನನಗೆ ಮೊದಲ ಸಲ ಅರ್ಥವಾಯಿತು. ಧ್ವನಿವರ್ಧಕ ಗೊರಗುಟ್ಟಿ, ಇಳಕಲ್ ಬಸ್ಸು ತಡ ಎಂದಿತು.

ಅವಳು ಚೀಲದಿಂದ ಬುತ್ತಿ ತೆಗೆದು ಮಡಿಲ ಮೇಲೆ ಬಿಚ್ಚಿದಳು.

"ಊಟ ಆತೇನ್ರಿ?" ಎಂದಳು.

ಇಲ್ಲ ಎಂದೆ. ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು.