ಪಕ್ಕದ ಮನೆ ಗೊಬ್ಬರಕ್ಕೆ ನಮ್ಮ ಮನೆ ಪೇಪರ್

ನಮ್ಮವರಿಗೆ ಹಳೇ ಪೇಪರ್ ಎಂದರೆ ಪ್ರಾಣ. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಶೆಲ್ಫಿಗೆ ಹಾಸಲೆಂದು ಒಂದೇ ಒಂದು ಹಾಳೆ ತೆಗೆದುಕೊಂಡಿದ್ದೆ. ಸಂಜೆ ಬ್ಯಾಂಕಿನಿಂದ ಬಂದವರು ಬೇಳೆ ಡಬ್ಬಿ, ಖಾರದಪುಡಿ ಡಬ್ಬಿ ಎಲ್ಲವನ್ನೂ ಕೆಳಗಿಳಿಸಿ, ಹಾಳೆಯನ್ನು ಎಳೆದುಕೊಂಡು, ಅಂಗೈಯಲ್ಲೇ ಇಸ್ತ್ರಿ ಮಾಡುವ ಹಾಗೆ ಸವರಿ, ಮತ್ತೆ ಪೇಪರ್ ಕಟ್ಟಿನೊಳಗೆ ಸೇರಿಸಿದರು. "ಇನ್ನೊಂದ್ಸಲ ನನ್ನ ಪೇಪರ್ ಮುಟ್ಬೇಡ" ಎಂದರು. ಮುಟ್ಟಲಿಲ್ಲ. ಜೆ.ಪಿ. ನಗರದಲ್ಲಿ ಸ್ವಂತ ಮನೆ ಕಟ್ಟಿದಾಗ ಆ ಕಟ್ಟುಗಳೂ ಲಾರಿ ಹತ್ತಿ ಬಂದು ಅಟ್ಟ ಸೇರಿದವು. ನಾನು ಶೆಲ್ಫಿಗೆ ಹಳೇ ಕ್ಯಾಲೆಂಡರ್ ಹಾಸಿಕೊಂಡೇ ಸಂಸಾರ ಮಾಡಿದೆ.

ಅಂಥ ಮನುಷ್ಯ ಪಕ್ಕದ ಮನೆಯವಳಿಗೆ ಕೂತು ಪೇಪರ್ ಹರಿದುಕೊಟ್ಟರೆ ನನಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಬ್ಯಾಂಕುಗಳಲ್ಲಿ ವಿಆರ್‌ಎಸ್ ಗಾಳಿ ಬೀಸಿದ ಕಾಲ. ಇವರೂ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದರು. ಆಗಲೇ ಪಕ್ಕದ ಮನೆಗೆ ಬಾಡಿಗೆಗೆ ಒಬ್ಬ ಹೈಸ್ಕೂಲ್ ಟೀಚರ್ ಬಂದಳು. ಒಂಟಿ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಬೆಣ್ಣೆ. ಬಂದ ವಾರದಲ್ಲೇ ನುಗ್ಗೆಮರದ ಕೆಳಗೆ ಗುಂಡಿ ತೋಡಿಸಿ, ಕಾಂಪೌಂಡಿನ ಆಚೆಯಿಂದ, "ಸಾರ್, ಹಳೇ ಪೇಪರ್ ಇದ್ರೆ ಸ್ವಲ್ಪ ಕೊಡ್ತೀರಾ? ಗೊಬ್ಬರಕ್ಕೆ ಬೇಕಿತ್ತು" ಎಂದಳು.

ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಈಗ ನೋಡು ಮಂಗಳಾರತಿ ಮಾಡುತ್ತಾರೆ ಅಂದುಕೊಂಡೆ. ಇವರು ಸ್ಟೂಲ್ ಹಾಕಿ ಅಟ್ಟ ಹತ್ತಿದರು! ಒಂದು ಕಟ್ಟು ಇಳಿಸಿ, ಧೂಳು ಕೊಡವಿ, ಎರಡೂ ಕೈಯಲ್ಲಿ ಎತ್ತಿ ಗೋಡೆಯಾಚೆ ಕೊಟ್ಟರು. ಎರಡು ದಿನ ಬಿಟ್ಟು ಇನ್ನೊಂದು ಕಟ್ಟು. ಆಮೇಲೆ ಕಟ್ಟು ಕೊಡುವುದೂ ಹೋಯಿತು. ವರಾಂಡದಲ್ಲಿ ಚಾಪೆ ಹಾಕಿಕೊಂಡು ಒಂದೊಂದೇ ಹಾಳೆಯನ್ನು ಉದ್ದುದ್ದಕ್ಕೆ ಪರ್ರ್ ಎಂದು ಹರಿದು, ಬಕೆಟ್ಟಿಗೆ ತುಂಬಿ ಕೊಡತೊಡಗಿದರು. ಆ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಒಗ್ಗರಣೆಯ ಸಾಸಿವೆಗಿಂತ ಹೆಚ್ಚು ನಾನು ಸಿಡಿಯುತ್ತಿದ್ದೆ.

ಊಟಕ್ಕೆ ಕೂತರೂ ಅದೇ ಕಥೆ. "ಬರೀ ತರಕಾರಿ ಸಿಪ್ಪೆ ಹಾಕಿದ್ರೆ ಕೊಳೆತು ನಾರುತ್ತಂತೆ ಕಣೇ. ಪೇಪರ್ ಹರಿದು, ನೆನೆಸಿ, ಸಿಪ್ಪೆ ಜೊತೆ ಬೆರೆಸ್ಬೇಕಂತೆ. ಬಣ್ಣದ ನೈಸ್ ಪೇಪರ್ ಹಾಕ್ಬಾರ್ದಂತೆ." ಅಂತೆ, ಅಂತೆ, ಅಂತೆ! ನಾನು ಅಷ್ಟು ವರ್ಷ ಗಿಡ ಬೆಳೆಸಿದ್ದೆನಲ್ಲ, ಒಂದು ದಿನವಾದರೂ ಹತ್ತಿರ ಬಂದು ಏನು ಹಾಕ್ತೀಯ ಎಂದು ಕೇಳಿದ್ದರೇ? ವರಮಹಾಲಕ್ಷ್ಮಿ ಹಬ್ಬ ಬಂದರೆ ರಸ್ತೆಯವರೆಲ್ಲ ಹೂವಿಗೆ ನಮ್ಮ ಗೇಟಿಗೆ ಬರುತ್ತಿದ್ದರು. ಆ ವರ್ಷ ಆಕೆಯ ಗೇಟಿಗೆ ಹೋದರು. ದಾಸವಾಳ ಊಟದ ತಟ್ಟೆಯಷ್ಟಗಲ, ಬಟನ್ ರೋಸ್ ಗೊಂಚಲು ಗೊಂಚಲು. ನಮ್ಮ ಮನೆ ಪೇಪರ್ ತಿಂದು ಕೊಬ್ಬಿದ ಗಿಡಗಳು! ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಇವರು ಹಾಲು ತರಲು ಹೋದಾಗ ನಾನೇ ಅಟ್ಟ ಹತ್ತಿದೆ. ಉಳಿದ ಕಟ್ಟುಗಳನ್ನೆಲ್ಲ ಇಳಿಸಿ, ನಮ್ಮ ಮಲ್ಲಿಗೆ ಬಳ್ಳಿಯ ಪಕ್ಕ ನಾನು ಸಿಪ್ಪೆ ಸುರಿಯಲು ತೋಡಿಕೊಂಡಿದ್ದ ಗುಂಡಿಗೆ ಹಾಕಿ, ಮೇಲೆ ಮಣ್ಣು ಎಳೆದೆ. ಹರಿಯಲಿಲ್ಲ, ನೆನೆಸಲಿಲ್ಲ. ಆಕೆಯ ಪಾಠ ನನಗೇನು ಬೇಕಾಗಿತ್ತು? ಆಕೆಗೆ ಕೊಡಲು ಮನೆಯಲ್ಲಿ ಒಂದು ಚೂರೂ ಉಳಿಯಬಾರದು, ಅಷ್ಟೇ.

ಇವರು ಖಾಲಿ ಅಟ್ಟ ನೋಡಿದರು, ನನ್ನ ಮುಖ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ಹೋಗಿ ಹಳೇ ಪೇಪರ್ ಕೇಳಿ ತಂದರು. ಮಾನ ಮರ್ಯಾದೆ ಬೇಡವೇ ಮನುಷ್ಯನಿಗೆ?

ಮರುವರ್ಷದ ಮಳೆಗಾಲ ಶುರುವಾಯಿತು. ಮುನಿಸಿನಲ್ಲಿ ನಾನು ಆ ಗುಂಡಿಯ ಕಡೆ ತಲೆ ಹಾಕಿರಲಿಲ್ಲ. ಮಲ್ಲಿಗೆ ಸೊರಗಿತ್ತು. ಒಂದು ದಿನ ಎದುರುಮನೆ ಅಜ್ಜಿ ಕರಿಬೇವಿಗೆ ಬಂದವರು ಬಳ್ಳಿಯ ಹತ್ತಿರ ನಿಂತು ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯೋ ಶಿವನೇ! ನಿಮ್ಮನೇಲಿ ಹುತ್ತ ಎದ್ದಿದೆಯಲ್ಲಮ್ಮಾ!"

ನೋಡಿದರೆ ಹೌದು. ಗೆದ್ದಲು ಕಟ್ಟುಕಟ್ಟು ಪೇಪರ್ ತಿಂದು, ಮೊಣಕಾಲೆತ್ತರಕ್ಕೆ ಕೆಂಪು ಗೋಪುರ ಎಬ್ಬಿಸಿತ್ತು. ಗುದ್ದಲಿ ತರಲು ಹೋದೆ. ಅಜ್ಜಿ ಕೈ ಹಿಡಿದುಕೊಂಡರು. "ಮುಟ್ಟೀಯಾ ಜೋಕೆ! ನಾಗಪ್ಪನ ಜಾಗ ಅದು." ಪುಟ್ಟೇನಹಳ್ಳಿ ಕೆರೆಯ ಹತ್ತಿರ ಇದ್ದ ಹುತ್ತವನ್ನು ಸೈಟು ಮಾಡುವವರು ನೆಲಸಮ ಮಾಡಿದ್ದರು. ಹಾಲೆರೆಯಲು ಜಾಗವಿಲ್ಲವೆಂದು ರಸ್ತೆಯ ಹೆಂಗಸರು ಒದ್ದಾಡುತ್ತಿದ್ದರು. ಇನ್ನು ಬಿಡುತ್ತಾರೆಯೇ? ನಾಗರ ಪಂಚಮಿಯ ಬೆಳಿಗ್ಗೆ ನಮ್ಮ ಗೇಟು ತೆರೆದಿದ್ದು ಮುಚ್ಚಲೇ ಇಲ್ಲ. ಹಾಲು, ಅರಿಶಿನ, ಕುಂಕುಮ, ಊದುಬತ್ತಿ. ನನ್ನ ಹೊಟ್ಟೆಕಿಚ್ಚಿಗೆ ಊರೆಲ್ಲ ಅಡ್ಡಬಿದ್ದು ಹೋಯಿತು.

ಕೊನೆಗೆ ಟೀಚರಮ್ಮ ಬಂದಳು, ಬುಟ್ಟಿ ತುಂಬ ಸೇವಂತಿಗೆ ಹಿಡಿದುಕೊಂಡು. ಹುತ್ತಕ್ಕೆ ಹೂವಿಟ್ಟು ಕೈಮುಗಿದವಳು ಪಕ್ಕದಲ್ಲಿ ಇಣುಕುತ್ತಿದ್ದ ಪೇಪರ್ ಅಂಚು ನೋಡಿದಳು. ಮೆಲ್ಲಗೆ ಹೇಳಿದಳು: "ಕಟ್ಟು ಹಾಗೇ ಹಾಕಿದ್ರಾ ಅಕ್ಕಾ? ಒಣಗಿದ್ರೆ ಗೆದ್ದಲು ಹಿಡಿಯುತ್ತೆ. ಸಾರ್ ಹತ್ರ ಹರಿಸ್ಕೋಬೇಕಿತ್ತು. ನಂಗೆ ಮಣಿಕಟ್ಟು ನೋವು ಅಂತ ಪಾಪ ಅವರೇ ಹರಿದುಕೊಡ್ತಾರೆ."

ಮಣಿಕಟ್ಟು ನೋವಂತೆ! ನನ್ನದೇನು ಕಬ್ಬಿಣದ ಕೈಯೇ? ಇಷ್ಟು ವರ್ಷ ರುಬ್ಬಿದ್ದು, ಒಗೆದದ್ದು, ತೋಡಿದ್ದು ಯಾರ ಮಣಿಕಟ್ಟು? ಕುಂಕುಮ ಕೊಟ್ಟು ಕಳಿಸಿ, ನೇರ ವರಾಂಡಕ್ಕೆ ಬಂದೆ. ಇವರು ಕನ್ನಡಕ ಹಾಕಿಕೊಂಡು ಆವತ್ತಿನ ಪೇಪರ್ ಬಿಡಿಸುತ್ತಿದ್ದರು. ಮುಂದೆ ಬಕೆಟ್ ಇಟ್ಟೆ.

"ಹರೀರಿ" ಎಂದೆ.

"ಯಾವುದನ್ನ?"

"ಕೈಯಲ್ಲಿರೋದನ್ನ."

"ಇದು ಇವತ್ತಿಂದು ಕಣೇ. ಹೆಡ್ಡಿಂಗೂ ಓದಿಲ್ಲ."

"ಗೊತ್ತು. ಅವಳಿಗೆ ಹಳೇದು ಹರಿದ್ರಿ. ನಂಗೆ ಇವತ್ತಿಂದು ಹರೀರಿ. ಶೆಲ್ಫಿಗೆ ಒಂದು ಹಾಳೆ ಕೊಡದೇ ಇದ್ದೋರು ನೀವು." ಅಳಬಾರದು ಎಂದುಕೊಂಡಿದ್ದೆ, ಅಳು ಬಂತು.

ಇವರು ಕನ್ನಡಕ ತೆಗೆದು ಜೇಬಿಗಿಟ್ಟರು. "ಎಷ್ಟಗಲ ಬೇಕು?"

"ಅವಳಿಗೆ ಎಷ್ಟಗಲ?"

"ಎರಡು ಬೆರಳು."

"ನಂಗೆ ಒಂದು ಬೆರಳು."

ಒಂದು ಬೆರಳಗಲಕ್ಕೇ ಹರಿದರು, ಕ್ರಿಕೆಟ್ ಪುಟವನ್ನೂ ಬಿಡದೆ. ನಾನು ಎದುರಿಗೆ ಕೂತು ಒಂದೊಂದು ಪಟ್ಟಿಯನ್ನೂ ನೋಡಿದೆ. ಪಂಚಮಿಯ ದಿನ ಮಣ್ಣು ಅಗೆಯಬಾರದೆಂದು ಬಕೆಟ್ಟನ್ನು ನೀರು ಹಾಕಿ ನಲ್ಲಿ ಹತ್ತಿರ ಇಟ್ಟೆ. ಆ ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಎದ್ದು, ಬಿಸಿಬಿಸಿ ಕಾಫಿ ಬೆರೆಸಿ, ನಾನೇ ಕೈಗೆ ಕೊಡೋಣವೆಂದು ಲೋಟ ಹಿಡಿದು ವರಾಂಡಕ್ಕೆ ಬಂದೆ. ಕುರ್ಚಿ ಖಾಲಿ. ಇವರು ಕಾಂಪೌಂಡಿನ ಹತ್ತಿರ ನಿಂತು, ಕತ್ತು ಚಾಚಿ ಕೇಳುತ್ತಿದ್ದರು:

"ಮೇಡಂ, ನಿನ್ನೆ ಪೇಪರ್ ಇದ್ರೆ ಸ್ವಲ್ಪ ಕೊಡ್ತೀರಾ? ನಮ್ದು ಗೊಬ್ಬರಕ್ಕೆ ಹೋಯ್ತು."