ಹೊಸ ಬೀದಿಯ ಮೊದಲ ಮನೆ

ನಮ್ಮ ಬೀದಿಯ ಚರಂಡಿ ರಿಪೇರಿ ನಡೆದಿದೆ. ಬಾಗಿಲ ಮುಂದೆಯೇ ಗಾರೆ ಅರೆಯುತ್ತಿದ್ದಾರೆ. ಹಸಿ ಸುಣ್ಣದ ಆ ವಾಸನೆ ಒಳಗೆ ಬಂದದ್ದೇ ತಡ, ಮೂಲೆಮನೆಯ ದೊಡ್ಡಮ್ಮ ನೆನಪಾದರು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ...

ನಾನು ಮೊಳಕಾಲ್ಮೂರಿನ ಹುಡುಗಿ. ಮದುವೆಯಾಗಿ ಚಳ್ಳಕೆರೆಗೆ ಬಂದಾಗ ಪ್ಲೇಗು ಬಂದು ಹೋಗಿತ್ತು. ಹಳೇ ಪೇಟೆಯ ಓಣಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು. ಗಾಳಿ ಬೆಳಕಿಲ್ಲದ ಆ ಜಾಗದಲ್ಲಿ ಜನ ಒತ್ತೊತ್ತಾಗಿ ಇರಬಾರದೆಂದು ಸರ್ಕಾರದವರು ಊರಾಚೆಯ ಬಯಲಲ್ಲಿ ಗುರುತಿನ ಕಲ್ಲು ನೆಟ್ಟು ಹೊಸ ಬೀದಿ ಮಾಡಿದ್ದರು. ಜನ ಬಂದು ಮನೆ ಕಟ್ಟಿದರೆ ಬಾವಿಗೂ ಚರಂಡಿಗೂ ಹಣ ಕೊಡುತ್ತೇವೆ ಎಂದು ಅವರು. ಬಾವಿಯಾಗಲಿ, ಆಮೇಲೆ ಬರುತ್ತೇವೆ ಎಂದು ಜನ.

ಹೀಗಾಗಿ ಆ ಬಯಲಲ್ಲಿ ಮನೆ ಕಟ್ಟಿಕೊಂಡಿದ್ದವರು ದೊಡ್ಡಮ್ಮ ಒಬ್ಬರೇ. ಗಂಡ, ಇಬ್ಬರು ಮಕ್ಕಳು, ಮೂವರನ್ನೂ ಪ್ಲೇಗು ತಿಂದುಹಾಕಿತ್ತು. ಹಳೇ ಪೇಟೆಯ ಆ ಮನೆಯೊಳಗೆ ಇರಲಾರದೆ ಇಲ್ಲಿಗೆ ಬಂದಿದ್ದರು. ಅವರ ನಂತರ ಬಂದವರು ನಾವು. ನನ್ನ ಗಂಡ ಎಣ್ಣೆ ವ್ಯಾಪಾರಕ್ಕೆ ಗಾಡಿ ಕಟ್ಟಿಕೊಂಡು ಹೋದರೆ ವಾರಗಟ್ಟಲೆ ಇರುತ್ತಿರಲಿಲ್ಲ. ಆಗ ಇಡೀ ಬೀದಿಗೆ ನಾವಿಬ್ಬರೇ ಹೆಂಗಸರು. ದೊಡ್ಡಮ್ಮನ ತವರು ನಮ್ಮ ಕಡೆಯ ದೇವಸಮುದ್ರ. ನಮ್ಮಿಬ್ಬರ ಬಾಯಲ್ಲೂ ತೆಲುಗು ಓಡಾಡುತ್ತಿತ್ತು. "ರಾ ತಲ್ಲಿ, ನೀರಿಗೆ ಹೋಗಾಣ" ಎಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಹಳೇ ಪೇಟೆಯ ಬಾವಿವರೆಗೂ ನಡೆಯಬೇಕಿತ್ತು. ಬರುವಾಗ ಭಾರ ತಾಳದೆ ದಾರಿಯಲ್ಲಿ ಎರಡು ಸಲ ಕೊಡ ಇಳಿಸುತ್ತಿದ್ದೆವು.

ಒಂದು ದಿನ ತಾಲೂಕಿನ ಅಮಲ್ದಾರರು ಕುದುರೆ ಮೇಲೆ ಬಂದರು. ಖಾಲಿ ಬಿದ್ದ ಜಾಗಗಳನ್ನು ನೋಡಿ, "ಇನ್ನೂ ಯಾಕೆ ಯಾರೂ ಬಂದಿಲ್ಲ?" ಎಂದು ಜೊತೆಯವರನ್ನು ಗದರಿದರು. ದೊಡ್ಡಮ್ಮ ತಲೆಯ ಮೇಲಿನ ಕೊಡ ಇಳಿಸದೆಯೇ ಮುಂದೆ ಹೋಗಿ ನಿಂತರು.

"ನಾನು ಬಂದೀನಲ್ಲ ಸ್ವಾಮಿ. ನೀರಿಲ್ದಿದ್ರೂ ಬಂದೀನಿ. ಜನ ಬಂದ್ರೆ ಬಾವಿ ಅಂತೀರಿ. ನಾನೊಬ್ಬಾಕಿ ಎಷ್ಟು ಜನ ಆಗ್ಲಿ?"

ಅಮಲ್ದಾರರು ಆ ಕೊಡವನ್ನೊಮ್ಮೆ ನೋಡಿದರು. ಕುದುರೆ ತಿರುಗಿಸಿ ಹೊರಟುಹೋದರು. ಬಾವಿಯ ಆಸೆ ಮುಗಿಯಿತು ಬಿಡು ಅಂದುಕೊಂಡೆವು. ಆದರೆ ಮುಂದಿನ ಬೇಸಿಗೆಯಲ್ಲಿ ಬಾವಿಗೆ ಹಣ ಮಂಜೂರಾಗಿ ಬಂತು.

ಬಾವಿ ತೋಡುವಷ್ಟು ದಿನವೂ ದೊಡ್ಡಮ್ಮ ಅಗೆಯುವವರಿಗೆ ಅಂಬಲಿ ಕಾಸಿ ಕೊಟ್ಟರು. ಸುತ್ತಲಿನ ನೀರೆಲ್ಲ ಉಪ್ಪುಪ್ಪು, ಇದರಲ್ಲಿ ಮಾತ್ರ ಸಿಹಿ ನೀರು ಬಂತು. ಮೊದಲ ಬೊಗಸೆ ಕುಡಿದ ದೊಡ್ಡಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತೇ ಇದ್ದರು...

ಆಮೇಲೆ ಜನ ಬಂದರು. ನೋಡನೋಡುತ್ತ ಮನೆಗಳೆದ್ದವು, ದನ ಕಟ್ಟಿದರು, ತೊಟ್ಟಿಲು ಕಟ್ಟಿದರು. ದೊಡ್ಡಮ್ಮ ಜಗಲಿ ಮೇಲೆ ಕೂತು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಆ ಹುಮ್ಮಸ್ಸು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ, ಹೊಸದಾಗಿ ಬಂದ ಮನೆಯವಳೊಬ್ಬಳು ತನ್ನ ಸೊಸೆಯನ್ನು ಪಕ್ಕಕ್ಕೆ ಎಳೆದುಕೊಂಡು, "ಎದ್ದ ಕೂಡ್ಲೆ ಗಂಡ ಸತ್ತೋರ ಮುಖ ನೋಡ್ಬೇಕಾ?" ಎಂದಳು. ದೊಡ್ಡಮ್ಮನಿಗೆ ಕೇಳಿಸಿತು. ಅರ್ಧ ಸೇದಿದ ಹಗ್ಗ ಪೂರ್ತಿ ಮೇಲೆಳೆದುಕೊಂಡು, ಕೊಡ ತುಂಬಿಸಿ, ಹೋದರು.

ಮರುದಿನದಿಂದ ಅವರು ನೀರಿಗೆ ಬರುತ್ತಿದ್ದದ್ದು ಸುಡು ಮಧ್ಯಾಹ್ನ, ಬಾವಿ ಹತ್ತಿರ ಯಾರೂ ಇಲ್ಲದಾಗ. ಜೊತೆಗೆ ಹೋಗಿ ನಾನು ರೇಗಿದೆ. "ನಿಮ್ಮಿಂದ ಬಂದ ಬಾವಿ ಕಣ್ರಿ ದೊಡ್ಡಮ್ಮ, ನೀವ್ಯಾಕೆ ಹಿಂದೆ ಸರೀತೀರಿ?"

"ನನ್ನಿಂದ ಏನೈತೆ ತಾಯಿ, ಸರ್ಕಾರದ್ದು. ಬೀದಿ ತುಂಬ್ತಲ್ಲ... ಸಾಕು ಬಿಡು."

ಸಾಕು ಎಂದರೂ, ಬಯಲಲ್ಲಿ ಒಬ್ಬರೇ ಇದ್ದಾಗ ಕಾಣದ ಸೊರಗು ಆಗ ಅವರ ಮುಖದಲ್ಲಿ ಕಂಡಿತು.

ಎರಡನೇ ಸಲ ಹಣ ಬಂದದ್ದು ಚರಂಡಿಗೆ. ಇಳಿಜಾರು ಇದ್ದದ್ದು ಮೂಲೆಮನೆಯ ಕಡೆಗೇ. ಕೊಳೆನೀರು ಆಚೆ ಹೋಗಬೇಕಾದರೆ ಅವರ ಹಿತ್ತಿಲನ್ನೇ ಸೀಳಬೇಕು. ಬೀದಿಯ ಯಜಮಾನರು ಸಂಕೋಚಪಡುತ್ತ ಅವರ ಬಾಗಿಲಿಗೆ ಬಂದು ನಿಂತರು. ಇಲ್ಲ ಅಂದುಬಿಡಲಿ ಎಂದು ನನ್ನ ಮನಸ್ಸಿನಲ್ಲಿತ್ತು. ದೊಡ್ಡಮ್ಮ ಅವರನ್ನು ಕೂರಿಸಿ, ಕುಡಿಯಲು ಮಜ್ಜಿಗೆ ಕೊಟ್ಟು, "ಸಂಸಾರ ಇದ್ದ ಕಡೆ ಕೊಚ್ಚೆ ಇರ್ತದಪ್ಪ. ಅಗೀರಿ" ಅಂದರು. ಹಿತ್ತಿಲಿನ ನುಗ್ಗೆಗಿಡವನ್ನು ತಾವೇ ಕಡಿದುಕೊಟ್ಟರು.

ಮೂರ್ನಾಲ್ಕು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಅವರ ಬಾಗಿಲು ತೆರೆಯಲಿಲ್ಲ. ನಾವೇ ತಳ್ಳಿ ಒಳಗೆ ಹೋದೆವು. ಚಾಪೆಯ ಮೇಲೆ ಮಲಗಿದ್ದ ಹಾಗೇ ಹೋಗಿಬಿಟ್ಟಿದ್ದರು... ಮೈ ತೊಳೆಯಲು ನೀರು ಬೇಕಾಯಿತು. ಇನ್ನೂ ಯಾರೂ ಹಗ್ಗ ಇಳಿಸಿರಲಿಲ್ಲ. ಆ ದಿನ ಬಾವಿಯ ಮೊದಲ ಕೊಡ ಅವರಿಗೇ ಹೋಯಿತು. ಸೇದಿಕೊಟ್ಟವಳು, ಅಂದು ಬಾವಿಕಟ್ಟೆಯಲ್ಲಿ ಆ ಮಾತಾಡಿದ ಹೆಂಗಸೇ. ಅಳುತ್ತಲೇ ಸೇದಿದಳು.

ಈಗ ನನ್ನ ಹಣೆಯೂ ಬರಿದಾಗಿದೆ. ಬೆಳಿಗ್ಗೆ ಎಲ್ಲರ ಜೊತೆಗೇ ಬಾವಿಗೆ ಹೋಗುತ್ತೇನೆ, ಯಾರೂ ಏನೂ ಅನ್ನುವುದಿಲ್ಲ. ಹುಡುಗಿಯರೇ ಕೊಡ ಇಸಿದುಕೊಂಡು ತುಂಬಿಸಿಕೊಡುತ್ತಾರೆ. ಅವರಿಗೆ ದೊಡ್ಡಮ್ಮನ ಕಥೆ ಹೇಳಬೇಕೆಂದು ಬಾಯಿ ತೆರೆಯುತ್ತೇನೆ. "ಯಾವ ದೊಡ್ಡಮ್ಮ, ಅಜ್ಜಿ?" ಅನ್ನುತ್ತಾರೆ. ಇಷ್ಟು ದೊಡ್ಡ ಬೀದಿಯಲ್ಲಿ ಅವರ ಮುಖ ಕಂಡವಳು ನಾನೊಬ್ಬಳೇ ಉಳಿದಿದ್ದೇನೆ.