ಹಲಸಿನ ವಾಸನೆ

ತೋಟಕ್ಕೆ ಆನೆ ಬರತೊಡಗಿದ ಮೇಲೆ ನನ್ನ ಗಂಡ ಹಲಸನ್ನೆಲ್ಲ ಎಳೆಗಾಯಿಯಲ್ಲೇ ಕಡಿಸಿ ಹಾಕಿದರು. ಹಣ್ಣಿನ ವಾಸನೆ ಹಿಡಿದು ಆನೆ ಅಂಗಳಕ್ಕೇ ಬರುತ್ತದೆ. ಎಲೆ ಅಲುಗಿದರೂ ಬೆಚ್ಚುತ್ತಿದ್ದ ಆ ದಿನಗಳಲ್ಲಿ, ಒಂದು ಮಧ್ಯಾಹ್ನ ಮನೆಯೊಳಗೇ ಹಲಸು ಘಮ್ಮೆಂದಿತು.

ನನಗೆ ಅನುಮಾನ ಬಂದದ್ದು ಅತ್ತೆಯ ಮೇಲೆ. ತಲೆಗೆಂದು ತೆಂಗಿನೆಣ್ಣೆಯನ್ನು ಬಚ್ಚಲುಮನೆಗೆ ಒಯ್ದಿದ್ದರು. ತಲೆ ಮಾತ್ರ ಒಣಗಿಯೇ ಇತ್ತು. ಮತ್ತೆ ಹೊರಟಾಗ ಹಿಂದೆಯೇ ಹೋದೆ. ಸೌದೆ ರಾಶಿಯ ಮರೆಯಲ್ಲಿ ಕೂತು, ಕೈಗೆ ಎಣ್ಣೆ ಸವರಿಕೊಂಡು, ಎಲ್ಲಿಂದಲೋ ಗುಟ್ಟಾಗಿ ತರಿಸಿದ್ದ ಹಣ್ಣು ಬಿಡಿಸುತ್ತಿದ್ದರು.

“ಬಾಗಿಲು ಹಾಕೇ, ವಾಸನೆ ಹೊರಗೆ ಹೋಗ್ತದೆ!”

ರೇಗಲು ತೆರೆದ ನನ್ನ ಬಾಯಿಗೆ ಒಂದು ತೊಳೆ ಬಿತ್ತು.

ಸಂಜೆ ಗಂಡ ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿ, ನಮ್ಮಿಬ್ಬರ ಮುಖವನ್ನೂ ದಿಟ್ಟಿಸಿದರು. ಆಮೇಲೆ ಒಳಗೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿದರು.

“ಇನ್ನೂ ಉಂಟಾ?”